ದುರ್ಗದ ಸೀಮೆಯ ಮನೆಪಾಠ

ಚಿತ್ರದುರ್ಗ ಜಿಲ್ಲೆಯ ಅತ್ಯಂತ ಪ್ರಾಚೀನವಾದ ಬರಹಗಳಲ್ಲೊಂದು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲಿದೆ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಆ ಅಶೋಕಶಾಸನವು ತಾಯಿತಂದೆಗಳ ಮಾತಿನಂತೆ ನಡೆಯಬೇಕೆಂದೂ, ಸತ್ಯವನ್ನೇ ನುಡಿಯಬೇಕೆಂದೂ, ಶಿಷ್ಯನಾದವನು ಆಚಾರ್ಯನನ್ನು ಗೌರವಿಸಬೇಕೆಂದೂ ವಿಧಿಸಿ, ಇದು ಹಿಂದಿನಿಂದ ನಡೆದುಬಂದ ಪದ್ಧತಿಯೆಂದು ಹೇಳುತ್ತದೆ. ಮಕ್ಕಳಿಗೆ ಮನೆಯಲ್ಲಿಯೇ ವಿದ್ಯೆ ಹೇಳಿಕೊಡುವ ಕ್ರೈಸ್ತ ತಂದೆಯಾದ ನಾನು, ‘ಇದೆಲ್ಲಿಯ ಹೊಸ ಪದ್ಧತಿ, ಶಾಲೆಯಿರುವಾಗ ಮನೆಪಾಠವೇಕೆ?’ ಎಂದು ಕೇಳಿದವರಿಗೆ ಉತ್ತರ ಕೊಡಬೇಕೆಂದೇ ನಮ್ಮ ಸೀಮೆಯ ವಿದ್ಯಾಭ್ಯಾಸದ ಚರಿತ್ರೆಯನ್ನು ಓದತೊಡಗಿದೆನು. ಆ ಚರಿತ್ರೆಯು ನನ್ನ ಪಕ್ಷವನ್ನು ಸಮರ್ಥಿಸುವುದರ ಜೊತೆಗೆ ನನ್ನಿಂದಲೂ ಒಂದು ಲೆಕ್ಕವನ್ನು ಕೇಳುತ್ತದೆ.

ಹೊಸದುರ್ಗ, ಹಿರಿಯೂರುಗಳ ನೆಲವನ್ನು ಹಾದು ಈಶಾನ್ಯಕ್ಕೆ ಹರಿಯುವ ವೇದಾವತಿಯು ಬಳ್ಳಾರಿಯ ಸೀಮೆಯಲ್ಲಿ ಹಗರಿಯೆಂಬ ಹೆಸರಿನಿಂದ ತುಂಗಭದ್ರೆಯನ್ನು ಸೇರುತ್ತದೆ. ಆ ಸೀಮೆಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ ಎಂಬವನು, ಮದರಾಸಿನ ಗವರ್ನರ್ ಥಾಮಸ್ ಮನ್ರೋವಿನ ಆಜ್ಞೆಯಂತೆ, 1823ರ ಆಗಸ್ಟಿನಲ್ಲಿ ತನ್ನ ಜಿಲ್ಲೆಯ ಪಾಠಶಾಲೆಗಳನ್ನು ಕುರಿತು ಒಂದು ವರದಿಯನ್ನು ಬರೆದನು. ಆಗ ಚಿತ್ರದುರ್ಗವು ಮೈಸೂರು ಸಂಸ್ಥಾನಕ್ಕೆ ಸೇರಿತ್ತಾದರೂ, ನದಿಯ ಮೇಲುಭಾಗದ ಹಳ್ಳಿಗಳಲ್ಲಿ ಪಾಠ ನಡೆಯುತ್ತಿದ್ದ ಜಗಲಿಗೂ ಕೆಳಭಾಗದ ಹಳ್ಳಿಗಳ ಜಗಲಿಗೂ ಬಹಳ ಭೇದವಿದ್ದಿರಲಾರದೆಂದು ನಾನು ಭಾವಿಸುತ್ತೇನೆ. ಆ ವರದಿಯ ಪ್ರಕಾರ ಜಿಲ್ಲೆಯಲ್ಲಿದ್ದ ಪಾಠಸ್ಥಾನಗಳು 533. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ಸರ್ಕಾರದ ಒಂದು ಕಾಸೂ ಇಲ್ಲದೆ, ಮಕ್ಕಳ ಮನೆಯವರು ಕೊಡುತ್ತಿದ್ದ ಸಂಭಾವನೆಯಿಂದಲೇ ಇವು ಬಹುಮಟ್ಟಿಗೆ ನಡೆಯುತ್ತಿದ್ದುವು. ನಮ್ಮ ಹಿರಿಯರು ಕೂಲಿಮಠವೆಂದು ಕರೆಯುತ್ತಿದ್ದುದು ಇವನ್ನೇ.

ಮಗುವಿಗೆ ಐದು ವರ್ಷ ತುಂಬಿದಾಗ ಶುಭದಿನವನ್ನು ನೋಡಿ, ಗಣಪತಿಯನ್ನು ಪೂಜಿಸಿ, ಐಗಳೆಂದು ಕರೆಯುತ್ತಿದ್ದ ಉಪಾಧ್ಯಾಯರು ಅದರ ಬೆರಳನ್ನು ಹಿಡಿದು ಅಕ್ಕಿಯಲ್ಲಿ ಅಕ್ಷರವನ್ನು ತಿದ್ದಿಸುತ್ತಿದ್ದರು. ಮುಂದೆ ಮರಳಿನ ಮೇಲೆ ತಿದ್ದುವುದು, ಆಮೇಲೆ ಕಡತ. ಹುಣಿಸೆಬೀಜದ ಸರಿಯಲ್ಲಿ ಇದ್ದಿಲಪುಡಿಯನ್ನು ಕಲಸಿ, ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಸಿದ ಆ ಕರಿಯ ಪುಸ್ತಕದ ಮೇಲೆ ಬಳಪದಿಂದ ಬರೆದುದನ್ನು ಒರಸಿ ಮತ್ತೆ ಬರೆಯಬಹುದಾಗಿತ್ತು. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಒಂದು ಪೆಟ್ಟು, ನಾಲ್ಕನೆಯವನಿಗೆ ಎರಡು. ಹೀಗೆ ತಡವಾದಷ್ಟೂ ಪೆಟ್ಟು ಹೆಚ್ಚುತ್ತಿತ್ತು. ಸೋಮಾರಿಗಳಿಗೆ ಬಸ್ಕಿಯೂ ಕೋದಂಡವೂ ಕಾದಿರುತ್ತಿದ್ದುವು. ಕೈಗಳನ್ನು ಕಟ್ಟಿ ಮಗುವನ್ನು ಸೂರಿಗೆ ತೂಗಿಬಿಡುವ ಆ ಕೋದಂಡವನ್ನು ನೆನೆದರೆ, ಹಳೆಯದೆಲ್ಲವೂ ಹೊನ್ನೆಂದು ಹೇಳುವ ಧೈರ್ಯ ನನಗಾಗುವುದಿಲ್ಲ. ಆದರೆ ಮುಂದುವರಿದ ಹುಡುಗರು ಕಿರಿಯರಿಗೆ ಪಾಠ ಹೇಳುತ್ತಿದ್ದ ಕ್ರಮವನ್ನು ಕ್ಯಾಂಬೆಲ್ ಮನಸಾರೆ ಮೆಚ್ಚಿದ್ದಾನೆ. ಇದೇ ಕ್ರಮವನ್ನು ಮದರಾಸಿನ ಅನಾಥಾಲಯದಲ್ಲಿ ಪ್ರಯೋಗಿಸಿದ ಆಂಡ್ರೂ ಬೆಲ್ ಎಂಬ ಪಾದ್ರಿಯು 1797ರಲ್ಲಿ ಅದನ್ನು ಕುರಿತು ಇಂಗ್ಲೆಂಡಿನಲ್ಲಿ ಪುಸ್ತಕವನ್ನು ಪ್ರಕಟಿಸಲು, ಅಲ್ಲಿಯ ಬಡಮಕ್ಕಳ ಎಷ್ಟೋ ಶಾಲೆಗಳು ನಮ್ಮ ಜಗಲಿಯ ರೀತಿಯಲ್ಲಿಯೇ ನಡೆಯತೊಡಗಿದುವು.

ಜಗಲಿಗಿಂತಲೂ ಒಳಗೆ, ನಡುಮನೆಯಲ್ಲಿ ನಡೆಯುತ್ತಿದ್ದ ಪಾಠವು ಸರ್ಕಾರದ ಲೆಕ್ಕಕ್ಕೆ ಸಿಕ್ಕಿದುದು ಅಪರೂಪ. ಮದರಾಸು ಪಟ್ಟಣವೊಂದರಲ್ಲಿ ಮಾತ್ರ, ಬಂಧುಗಳಿಂದಲೋ ಖಾಸಗಿ ಉಪಾಧ್ಯಾಯರಿಂದಲೋ ಮನೆಯಲ್ಲಿ ಕಲಿಯುವ ಮಕ್ಕಳು ಸುಮಾರು 27 ಸಾವಿರವೆಂದೂ, ಇದು ಶಾಲೆಗೆ ಹೋಗುವವರ ಐದರಷ್ಟಕ್ಕೆ ಸಮೀಪವೆಂದೂ ಲೆಕ್ಕ ಬಂದಿತು. ಮನ್ರೋ 1826ರ ತನ್ನ ಟಿಪ್ಪಣಿಯಲ್ಲಿ ಈ ಸಂಖ್ಯೆಯನ್ನು ಸಂದೇಹಿಸಿದನಾದರೂ, ಮನೆಯೂ ಒಂದು ವಿದ್ಯಾಸ್ಥಾನವೆಂಬುದನ್ನು ಅವನು ಅಲ್ಲಗಳೆಯಲಿಲ್ಲ.

ಇಷ್ಟರಲ್ಲಿಯೇ ನಿಲ್ಲಿಸಿದ್ದರೆ ನನ್ನ ವಾದಕ್ಕೆ ಜಯವೇ ಆಗುತ್ತಿತ್ತು. ಆದರೆ ಕ್ಯಾಂಬೆಲ್ಲನ ವರದಿಯಲ್ಲಿಯೇ ಇನ್ನೊಂದು ಸಂಖ್ಯೆಯಿದೆ: ಒಟ್ಟು 6,641 ವಿದ್ಯಾರ್ಥಿಗಳಲ್ಲಿ ಹುಡುಗಿಯರು ಕೇವಲ 60. ತಂದೆಗೆ ಅಕ್ಷರ ಬಾರದ ಮನೆಯಲ್ಲಿ, ಐಗಳಿಗೆ ಸಂಭಾವನೆ ಕೊಡಲಾರದ ಮನೆಯಲ್ಲಿ, ಊರ ಹೊರಗೆ ಇರಬೇಕೆಂದು ಊರೇ ಗೆರೆ ಎಳೆದಿದ್ದ ಕೇರಿಯ ಮನೆಗಳಲ್ಲಿ, ಮಕ್ಕಳಿಗೆ ಯಾರು ಕಲಿಸಬೇಕಾಗಿತ್ತು? ನಮ್ಮ ಮನೆತನದಲ್ಲಿ ಮೊತ್ತಮೊದಲು ಓದಲು ಕಲಿತವರು ನನ್ನ ಮುತ್ತಜ್ಜ. ಅವರಿಗೆ ಆ ವಿದ್ಯೆಯನ್ನು ಕೊಟ್ಟುದು ಮನೆಯಲ್ಲ, ಮಿಷನ್ ಶಾಲೆ.

1810ರಲ್ಲಿ ಬಳ್ಳಾರಿಗೆ ಬಂದು ನೆಲಸಿದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರ ದೀರ್ಘಶ್ರಮದಿಂದ 1830ರ ದಶಕದ ಆರಂಭದ ವೇಳೆಗೆ ಸಂಪೂರ್ಣ ಸತ್ಯವೇದವು ಕನ್ನಡದಲ್ಲಿ ದೊರೆಯಿತು. ಹಳೆಯ ಮೈಸೂರಿನಲ್ಲಿ ವೆಸ್ಲಿಯನ್ ಮಿಷನ್ನವರು ಶಾಲೆಗಳನ್ನೂ ಮುದ್ರಣಾಲಯವನ್ನೂ ನಡೆಸಿದರು. ಇನ್ನು ಸರ್ಕಾರದ ಕಡೆಯಿಂದ, 1868ರಲ್ಲಿ ಹೋಬಳಿಗೊಂದು ಶಾಲೆಯನ್ನು ತೆರೆಯಬೇಕೆಂಬ ಯೋಜನೆಯನ್ನು ಮುಂದಿಟ್ಟವರು ಬಿ. ಎಲ್. ರೈಸ್. ಬೆಂಗಳೂರಿನಲ್ಲಿ ಲಂಡನ್ ಮಿಷನ್ನಿನ ಪಾದ್ರಿಯಾಗಿದ್ದು ಕನ್ನಡದ ವಿದ್ಯಾಭ್ಯಾಸಕ್ಕಾಗಿ ದುಡಿದ ಬೆಂಜಮಿನ್ ರೈಸರ ಮಗ ಅವರು. ಬ್ರಹ್ಮಗಿರಿಯ ಶಾಸನವನ್ನು 1892ರಲ್ಲಿ ಬೆಳಕಿಗೆ ತಂದವರೂ ಅವರೇ. ಇನ್ನೊಬ್ಬ ಮಗ ಇ. ಪಿ. ರೈಸ್ ಕನ್ನಡ ಸಾಹಿತ್ಯದ ಚರಿತ್ರೆಯನ್ನು ಬರೆದರು. ಒಬ್ಬ ಕ್ರೈಸ್ತ ತಂದೆಯ ಮಕ್ಕಳು ತಾವು ಹುಟ್ಟಿದ ನಾಡಿನ ಲಿಪಿಗೂ ನುಡಿಗೂ ಇಷ್ಟು ಋಣ ತೀರಿಸಿದುದನ್ನು ಕಂಡಾಗ, ಮಕ್ಕಳಿಗೆ ನಾನು ಏನನ್ನು ಬಿಟ್ಟುಹೋಗಬೇಕೆಂಬ ಪ್ರಶ್ನೆಯು ನನ್ನನ್ನು ಗಾಢವಾಗಿ ತಟ್ಟುತ್ತದೆ.

ಶಾಲೆಯಿಂದ ಬಂದ ಅಕ್ಷರವು ಮನೆಯಲ್ಲಿ ಬೇರುಬಿಟ್ಟುದು ಸಂಜೆಯ ಕುಟುಂಬ ಪ್ರಾರ್ಥನೆಯಲ್ಲಿ. ಮುತ್ತಜ್ಜಿಗೆ ಓದು ಬಾರದು. ದೀಪ ಹಚ್ಚಿದ ಮೇಲೆ ಮುತ್ತಜ್ಜ ಕೀರ್ತನೆಯೊಂದನ್ನು ಓದುವಾಗ ಅವರು ಪಕ್ಕದಲ್ಲಿ ಕುಳಿತು, ಬಾಯಿಪಾಠವಾಗಿದ್ದ ಮಾತುಗಳ ಮೇಲೆ ಬೆರಳಿಟ್ಟುಕೊಂಡು ಹೋಗಿ, ಕಡೆಗೆ ಆ ಬೆರಳಿನಿಂದಲೇ ಅಕ್ಷರಗಳನ್ನು ಗುರುತಿಸಲು ಕಲಿತರಂತೆ. ಮನೆಯಲ್ಲಿ ಕುಳಿತಿರುವಾಗಲೂ ದಾರಿ ನಡೆಯುವಾಗಲೂ ಮಕ್ಕಳಿಗೆ ಕಲಿಸಬೇಕೆಂದು ಧರ್ಮೋಪದೇಶಕಾಂಡವು ತಂದೆತಾಯಿಗಳಿಗೆ ಹೇಳುತ್ತದಷ್ಟೆ; ತಿಮೊಥೆಯನ ನಂಬಿಕೆಗೆ ಮೂಲವಾದವರು ಅಜ್ಜಿ ಲೋವಿ ಮತ್ತು ತಾಯಿ ಯೂನೀಕೆ. ನಮ್ಮ ಮನೆಯಲ್ಲಿ ಈ ಮಾತು ಉಪದೇಶವಾಗಿ ಉಳಿಯದೆ ದಿನಚರಿಯಾಗಿದ್ದಿತು. ಇಂದು ನನ್ನ ಮಕ್ಕಳು ಬೆಳಗಿನ ಗಣಿತವನ್ನು ಮುಗಿಸಿ ತಾಯಿಯೊಡನೆ ರಾಗಿ ಕೇರುತ್ತಲೇ ಮಗ್ಗಿ ಒಪ್ಪಿಸುವಾಗ, ಹೊಳಲ್ಕೆರೆಗೆ ಹೋಗುವ ಬಸ್ಸಿನಲ್ಲಿ ಕುಳಿತು ಊರುಗಳ ನಾಮಫಲಕಗಳನ್ನು ಗಟ್ಟಿಯಾಗಿ ಓದುವಾಗ, ಇದು ಆ ದಿನಚರಿಯ ಮುಂದುವರಿಕೆಯೇ ಎಂದು ನನಗೆ ತೋರುತ್ತದೆ.

ಮೈಸೂರು ಸಂಸ್ಥಾನವು 1913ರ ಕಾನೂನಿನಿಂದ ಆಯ್ದ ಸ್ಥಳಗಳಲ್ಲಿ ಕಡ್ಡಾಯ ಶಿಕ್ಷಣವನ್ನು ತಂದಿತು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಕಾಯಿದೆಯಿಂದ ಆರರಿಂದ ಹದಿನಾಲ್ಕು ವಯಸ್ಸಿನ ಎಲ್ಲ ಮಕ್ಕಳಿಗೂ ಶಿಕ್ಷಣವು ಹಕ್ಕಾಯಿತು. ಮನೆಪಾಠದ ಕೆಲವು ತಂದೆತಾಯಿಗಳು ಈ ಕಾಯಿದೆಯನ್ನು ತಮ್ಮ ಸ್ವಾತಂತ್ರ್ಯಕ್ಕೆ ಅಡ್ಡಿಯೆಂದು ಕಾಣುತ್ತಾರೆ; ನಾನು ಹಾಗೆ ಕಾಣಲಾರೆ. ಆ ಅರವತ್ತು ಹುಡುಗಿಯರ ಲೆಕ್ಕವನ್ನು ಓದಿದವನು, ಮಿಷನ್ ಶಾಲೆಯ ಬಾಗಿಲಿನಿಂದ ಒಳಗೆ ಬಂದ ಮನೆತನದವನು, ಸಾರ್ವಜನಿಕ ಶಾಲೆಯನ್ನು ಹಳಿದು ಮನೆಪಾಠವನ್ನು ಹೊಗಳುವುದು ನ್ಯಾಯವಲ್ಲ. ನನ್ನ ಮಕ್ಕಳು ಮನೆಯಲ್ಲಿ ಕಲಿಯುತ್ತಿರುವುದು ಅವರ ತಾಯಿಗೂ ನನಗೂ ಅಕ್ಷರವೂ ಬಿಡುವೂ ಇರುವುದರಿಂದ. ಇವೆರಡೂ ಇಲ್ಲದ ಮನೆಗಳು ನಮ್ಮ ಬೀದಿಯಲ್ಲಿಯೇ ಇವೆ. ಆದುದರಿಂದ ಶಾಲೆ ಬಿಟ್ಟ ಮೇಲೆ ಆ ಮನೆಗಳ ಮಕ್ಕಳೂ ನಮ್ಮ ಜಗಲಿಗೆ ಬರುತ್ತಾರೆ; ನನ್ನ ಹಿರಿಯ ಮಗಳು ಕಿರಿಯರಿಗೆ ಕಾಗುಣಿತವನ್ನು ತಿದ್ದಿಸುತ್ತಾಳೆ, ಆ ಮಕ್ಕಳು ತಮ್ಮ ಶಾಲೆಯಲ್ಲಿ ಕಲಿತ ಪದ್ಯಗಳನ್ನು ನನ್ನ ಮಕ್ಕಳಿಗೆ ಕಲಿಸುತ್ತಾರೆ. ಸಂಭಾವನೆಯನ್ನು ನಾವು ತೆಗೆದುಕೊಳ್ಳುವುದಿಲ್ಲ.