ಬ್ಯಾಲೆಯ ಉಡುಪು ಮತ್ತು ನರ್ತಕರ ದೇಹ

ಶಾಸನ, ನಾಣ್ಯ, ಕಡತ ಇವುಗಳನ್ನು ಆಧಾರವಾಗಿಟ್ಟುಕೊಂಡು ಚರಿತ್ರೆಯನ್ನು ಬರೆಯುವುದು ನಮಗೆ ರೂಢಿಯಾಗಿದೆ. ಉಡುಪನ್ನು ಆಧಾರವೆಂದು ಎಣಿಸುವವರು ಕಡಮೆ. ಅದರಲ್ಲಿಯೂ ರಂಗದ ಮೇಲಣ ಉಡುಪನ್ನು ಕೇವಲ ಅಲಂಕಾರವೆಂದು ಬದಿಗಿಡುವುದೇ ಹೆಚ್ಚು. ಆದರೆ ಒಂದು ಸಮಾಜವು ಮನುಷ್ಯದೇಹವನ್ನು ಹೇಗೆ ಕಂಡಿತು, ಯಾರ ದೇಹವನ್ನು ಸುಂದರವೆಂದು ಒಪ್ಪಿತು, ಯಾರದನ್ನು ಒಪ್ಪಲಿಲ್ಲ ಎಂಬ ಪ್ರಶ್ನೆಗಳಿಗೆ ಉಡುಪು ಕೊಡುವಷ್ಟು ನೇರವಾದ ಉತ್ತರವನ್ನು ಕಡತಗಳು ಅನೇಕ ವೇಳೆ ಕೊಡಲಾರವು. ಪಾಶ್ಚಾತ್ಯ ಬ್ಯಾಲೆ ನೃತ್ಯದ ಉಡುಪು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಮುಖ್ಯವಾಗಿ ನ್ಯೂಯಾರ್ಕ್ ನಗರದಲ್ಲಿ, ಹೊಂದಿದ ಮಾರ್ಪಾಟನ್ನು ಈ ಲೇಖನದಲ್ಲಿ ಪರಿಶೀಲಿಸಬೇಕೆಂದಿದ್ದೇವೆ. ಈ ಮಾರ್ಪಾಟನ್ನು ದೇಹದ ಬಿಡುಗಡೆಯೆಂದು ವರ್ಣಿಸುವುದುಂಟು. ಅದು ಅರ್ಧಸತ್ಯವೆಂದು ನಮ್ಮ ಅಭಿಪ್ರಾಯ. ಉಡುಪು ಕಡಮೆಯಾದಂತೆಲ್ಲ ದೇಹವೇ ಉಡುಪಿನ ಸ್ಥಾನಕ್ಕೆ ಬಂದು ನಿಂತಿತು. ಹಿಂದೆ ಉಡುಪಿಗೆ ಇದ್ದ ಕಟ್ಟಳೆಗಳು ದೇಹದ ಮೇಲೆ ಬಿದ್ದುವು.

೧

ಮೊದಲು ಹಿನ್ನೆಲೆಯನ್ನು ಸಂಕ್ಷೇಪವಾಗಿ ನೋಡೋಣ. ೧೮೩೨ರಲ್ಲಿ ಪ್ಯಾರಿಸ್ ನಗರದ ಆಪೆರಾ ರಂಗಮಂದಿರದಲ್ಲಿ ‘ಲಾ ಸಿಲ್ಫೀದ್’ ಎಂಬ ಬ್ಯಾಲೆ ಪ್ರದರ್ಶಿತವಾಯಿತು. ಅದರಲ್ಲಿ ಮರಿ ಟಾಲಿಯೋನಿ ತೊಟ್ಟ, ಗಂಟೆಯ ಆಕಾರದ ತೆಳುವಾದ ಬಿಳಿಯ ಲಂಗವು ಮುಂದೆ ಬ್ಯಾಲೆಯ ಗುರುತೇ ಆಯಿತು. ಟೂಟೂ ಎಂದು ಹೆಸರಾದ ಉಡುಪಿನ ಮೂಲ ಇದೇ. ಅಂದಿನ ರಂಗದ ದೀಪಗಳು ಅನಿಲದಿಂದ ಉರಿಯುತ್ತಿದ್ದುವು. ಹಗುರವಾದ ಬಟ್ಟೆಗೆ ಬೆಂಕಿ ತಗಲುವುದು ಸುಲಭವಾಗಿತ್ತು. ಬೆಂಕಿ ಹಿಡಿಯದಂತೆ ಬಟ್ಟೆಯನ್ನು ಹದಮಾಡುವ ಕ್ರಮವೊಂದು ಬಳಕೆಗೆ ಬಂದಿದ್ದರೂ, ಹಾಗೆ ಮಾಡಿದ ಬಟ್ಟೆ ಬಿರುಸಾಗಿ ಕಳೆಗುಂದುತ್ತದೆಂದು ಎಮ್ಮ ಲಿವ್ರಿ ಎಂಬ ತರುಣ ನರ್ತಕಿ ಅದನ್ನು ಒಲ್ಲೆನೆಂದಳು. ೧೮೬೨ರ ನವೆಂಬರಿನಲ್ಲಿ, ಅಭ್ಯಾಸದ ಸಮಯದಲ್ಲಿ ಆಕೆಯ ಲಂಗಕ್ಕೆ ಬೆಂಕಿ ತಗಲಿತು. ಮರುವರ್ಷ ಆಕೆ ತೀರಿಕೊಂಡಳು. ಉಡುಪಿನ ಸೊಬಗಿಗೆ ದೇಹವು ತೆತ್ತ ಬೆಲೆಗೆ ಇದು ಹಳೆಯದೊಂದು ನಿದರ್ಶನ.

ಕಾಲು ಹಾಗೂ ಪಾದಗಳ ಚಲನೆ ಕಠಿನವಾದಂತೆ ಅದನ್ನು ಪ್ರೇಕ್ಷಕನಿಗೆ ತೋರಿಸಬೇಕೆಂಬ ಬಯಕೆಯೂ ಬೆಳೆಯಿತು. ೧೮೮೦ರ ದಶಕದಲ್ಲಿ ಇಟಲಿಯ ನರ್ತಕಿಯರು ರಷ್ಯಕ್ಕೆ ಹೋದಾಗ ಲಂಗವು ಇನ್ನೂ ಗಿಡ್ಡವಾಯಿತು. ಪುರುಷರ ವಿಷಯದಲ್ಲಿ ಬಿಗುಮಾನ ಉಳಿದೇ ಇತ್ತು. ಟೈಟ್ಸ್ ಎಂಬ ಬಿಗಿಯಾದ ಕಾಲುಡುಗೆಯ ಮೇಲೆ ವಾಡಿಕೆಯ ಗಿಡ್ಡ ಚಡ್ಡಿಯನ್ನು ತೊಡದೆ ‘ಜಿಸೆಲ್’ ಬ್ಯಾಲೆಯಲ್ಲಿ ಕುಣಿದನೆಂಬ ಕಾರಣಕ್ಕೆ ೧೯೧೧ರಲ್ಲಿ ನಿಜಿನ್‌ಸ್ಕಿಯನ್ನು ರಷ್ಯದ ಸಾಮ್ರಾಟರ ರಂಗಮಂದಿರದಿಂದ ತೆಗೆದುಹಾಕಲಾಯಿತು. ದೇಹದ ಎಷ್ಟು ಭಾಗ ಕಾಣಬೇಕೆಂಬುದನ್ನು ನಿಶ್ಚಯಿಸುವ ಅಧಿಕಾರ ಆಗ ನರ್ತಕನದಾಗಿರಲಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

೨

ನಿರ್ಣಾಯಕವಾದ ಬದಲಾವಣೆ ನಡೆದುದು ನ್ಯೂಯಾರ್ಕಿನಲ್ಲಿ. ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿ ೧೯೩೩ರಲ್ಲಿ ಅಮೆರಿಕಕ್ಕೆ ಬಂದ ಜಾರ್ಜ್ ಬಾಲಂಚಿನ್ ಅಲ್ಲಿ ಬ್ಯಾಲೆಯ ಶಾಲೆಯನ್ನೂ, ಮುಂದೆ ೧೯೪೮ರಲ್ಲಿ ‘ನ್ಯೂಯಾರ್ಕ್ ಸಿಟಿ ಬ್ಯಾಲೆ’ ಎಂದು ಹೆಸರಾದ ತಂಡವನ್ನೂ ಕಟ್ಟಿದವರಲ್ಲಿ ಪ್ರಮುಖನು. ಹಿಂಡೆಮಿಟ್ ಎಂಬ ಸಂಗೀತಕಾರನ ಕೃತಿಗೆ ಆತನು ೧೯೪೬ರಲ್ಲಿ ‘ದಿ ಫೋರ್ ಟೆಂಪರಮೆಂಟ್ಸ್’ ಎಂಬ ಬ್ಯಾಲೆಯನ್ನು ಸಂಯೋಜಿಸಿದನು. ಅದಕ್ಕೆ ಕುರ್ಟ್ ಸೆಲಿಗ್‌ಮನ್ ಎಂಬ ಚಿತ್ರಕಾರನು ರಚಿಸಿದ ವೇಷಗಳು ಭಾರವಾಗಿದ್ದು ನೃತ್ಯವನ್ನೇ ಮರೆಮಾಡುವಂತಿದ್ದುವು. ೧೯೫೧ರಲ್ಲಿ ಬಾಲಂಚಿನ್ ಅವುಗಳನ್ನು ಕೈಬಿಟ್ಟು, ನರ್ತಕರು ದಿನವೂ ಅಭ್ಯಾಸಶಾಲೆಯಲ್ಲಿ ತೊಡುವ ಉಡುಪಿನಲ್ಲಿಯೇ ಅವರನ್ನು ರಂಗಕ್ಕೆ ತಂದನು. ೧೯೫೭ರಲ್ಲಿ ಸ್ಟ್ರಾವಿನ್‌ಸ್ಕಿಯ ಸಂಗೀತಕ್ಕೆ ಸಂಯೋಜಿಸಿದ ‘ಆಗಾನ್’ ಬ್ಯಾಲೆಯಂತೂ ಮೊದಲಿನಿಂದಲೇ ಆ ಉಡುಪಿನಲ್ಲಿ ಪ್ರದರ್ಶಿತವಾಯಿತು. ಹೆಂಗಸರಿಗೆ ಕಪ್ಪು ಲಿಯೋಟಾರ್ಡ್, ತಿಳಿಬಣ್ಣದ ಟೈಟ್ಸ್. ಗಂಡಸರಿಗೆ ಬಿಳಿಯ ಅಂಗಿ, ಕಪ್ಪು ಟೈಟ್ಸ್. ಲಿಯೋಟಾರ್ಡ್ ಎಂಬ, ಮೈಗೆ ಅಂಟಿದಂತಿರುವ ಈ ಉಡುಪಿಗೆ ಹೆಸರು ಬಂದುದು ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಸರ್ಕಸ್ ಕಲಾವಿದ ಜೂಲ್ ಲಿಯೋಟಾರ್‌ನಿಂದ. ಸರ್ಕಸ್ಸಿನಿಂದ ಅಭ್ಯಾಸಶಾಲೆಗೆ, ಅಲ್ಲಿಂದ ರಂಗಕ್ಕೆ ಅದು ನಡೆದುಬಂದ ದಾರಿ ಗಮನಾರ್ಹವಾದುದು.

ಇದಕ್ಕೆ ಕಾರಣಗಳು ಎರಡು ಬಗೆಯವು. ವೇಷಭೂಷಣಗಳಿಗೆ ಹೇರಳವಾಗಿ ವೆಚ್ಚಮಾಡುವಷ್ಟು ಹಣ ಹೊಸ ತಂಡಕ್ಕೆ ಇರಲಿಲ್ಲವೆಂಬುದು ಒಂದು. ನೃತ್ಯಕ್ಕೆ ಕಥೆ ಬೇಡ, ಸಂಗೀತವೂ ಚಲನೆಯೂ ಸಾಕು ಎಂಬ ಕಲಾತತ್ತ್ವ ಇನ್ನೊಂದು. ಕಥೆಯಿಲ್ಲದಿರುವಲ್ಲಿ ಪಾತ್ರವಿಲ್ಲ, ಪಾತ್ರವಿಲ್ಲದಿರುವಲ್ಲಿ ವೇಷಕ್ಕೆ ಕೆಲಸವಿಲ್ಲ.

ಹಾಗೆಂದು ಬಾಲಂಚಿನ್ ಟೂಟೂವನ್ನು ತೊರೆದನೆಂದು ತಿಳಿಯಬಾರದು. ಖಾರ್ಕೊವ್ ನಗರದಲ್ಲಿ ಹುಟ್ಟಿದ ಬಾರ್ಬರಾ ಕರಿನ್‌ಸ್ಕಾ ಎಂಬ ವಸ್ತ್ರಕುಶಲೆ ಅವನಿಗಾಗಿ ಹಲವು ದಶಕಗಳ ಕಾಲ ಉಡುಪುಗಳನ್ನು ಸಿದ್ಧಪಡಿಸಿದಳು. ಹಳೆಯ ಟೂಟೂವಿನೊಳಗೆ ತಂತಿಯ ಬಳೆಯೊಂದು ಇರುತ್ತಿತ್ತು. ಅನೇಕ ನರ್ತಕಿಯರು ಒತ್ತಾಗಿ ಕುಣಿಯುವಾಗ ಒಬ್ಬಳ ಲಂಗ ಇನ್ನೊಬ್ಬಳದಕ್ಕೆ ತಗಲಿ ತಟ್ಟೆಯಂತೆ ಓಲಾಡುತ್ತಿತ್ತು. ೧೯೫೦ರಲ್ಲಿ ‘ಸಿಂಫನಿ ಇನ್ ಸಿ’ ಎಂಬ ಬ್ಯಾಲೆಗಾಗಿ ಕರಿನ್‌ಸ್ಕಾ ತಂತಿಯನ್ನು ತೆಗೆದು, ನೆಟ್ ಬಟ್ಟೆಯ ಪದರಗಳನ್ನು ಸಡಿಲವಾಗಿ ಕೂಡಿಸಿ ಹೊಲಿದು, ಮೆತ್ತಗೆ ಉಬ್ಬಿ ನಿಲ್ಲುವ ಗಿಡ್ಡ ಲಂಗವನ್ನು ಮಾಡಿದಳು. ಕುಪ್ಪಸದ ಕೆಲವು ಭಾಗಗಳನ್ನು ನೇಯ್ಗೆಯ ಎಳೆಗೆ ಓರೆಯಾಗಿ, ನಮ್ಮ ದರ್ಜಿಗಳು ಕ್ರಾಸ್ ಎನ್ನುವ ರೀತಿಯಲ್ಲಿ, ಕತ್ತರಿಸಿದಳು. ಉಸಿರೆಳೆದುಕೊಂಡಾಗ ಬಟ್ಟೆ ಹಿಗ್ಗಲು ಇದು ಅನುಕೂಲವಾಯಿತು. ಅಭ್ಯಾಸದ ಉಡುಪು, ಕರಿನ್‌ಸ್ಕಾಳ ಟೂಟೂ ಇವೆರಡರ ಗುರಿಯೂ ಒಂದೇ: ಚಲನೆಗೆ ಅಡ್ಡಿಯಾಗದಿರುವುದು.

೩

ಈ ಬದಲಾವಣೆಗೆ ರಸಾಯನಶಾಸ್ತ್ರದ ನೆರವೂ ಒದಗಿತು. ಹಿಂದೆ ರೇಷ್ಮೆಯ ಅಥವಾ ಹತ್ತಿಯ ಟೈಟ್ಸ್ ಮೊಣಕಾಲಿನಲ್ಲಿ ಸುಕ್ಕುಗಟ್ಟುತ್ತಿತ್ತು. ಅದನ್ನು ಬಿಗಿಯಾಗಿ ಮೇಲೆಳೆದು, ಸೊಂಟದಲ್ಲಿ ನಾಣ್ಯವೊಂದನ್ನು ಇಟ್ಟು ಬಟ್ಟೆಯನ್ನು ಸುತ್ತಿ ಸಿಕ್ಕಿಸಿಕೊಳ್ಳುವುದು ನರ್ತಕರ ವಾಡಿಕೆಯಾಗಿತ್ತು. ೧೯೩೫ರಲ್ಲಿ ಡುಪಾಂಟ್ ಕಂಪನಿಯಲ್ಲಿ ವಾಲೇಸ್ ಕರೋಥರ್ಸ್ ಕಂಡುಹಿಡಿದ ನೈಲಾನ್, ೧೯೫೮ರಲ್ಲಿ ಅದೇ ಕಂಪನಿಯ ಜೋಸೆಫ್ ಶಿವರ್ಸ್ ಕಂಡುಹಿಡಿದ, ಲೈಕ್ರಾ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದ ನೂಲು, ಇವೆರಡೂ ಈ ತೊಡಕನ್ನು ನಿವಾರಿಸಿದುವು. ಲೈಕ್ರಾ ನೂಲು ತನ್ನ ಉದ್ದದ ಐದು ಪಟ್ಟಿನಷ್ಟು ಹಿಗ್ಗಿ, ಬಿಟ್ಟೊಡನೆ ಮೊದಲಿನಂತಾಗುತ್ತದೆ. ಅದನ್ನು ಬೆರೆಸಿ ನೇಯ್ದ ಬಟ್ಟೆ ಮೈಯ ಮೇಲೆ ಎರಡನೆಯ ಚರ್ಮದಂತೆ ಕುಳಿತಿತು. ಆದರೆ ಸುಕ್ಕು ಹೋದೊಡನೆ ಅದರ ಮರೆಯೂ ಹೋಯಿತೆಂಬುದನ್ನು ಗಮನಿಸಬೇಕು.

ರಂಗದಿಂದ ಬೀದಿಗೆ ಈ ಉಡುಪು ಇಳಿದ ಬಗೆಯೂ ಉಲ್ಲೇಖನೀಯ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೩ರಿಂದ, ಅಮೆರಿಕದಲ್ಲಿ ಚರ್ಮದ ಪಾದರಕ್ಷೆಗಳಿಗೆ ಪಡಿತರದ ನಿರ್ಬಂಧವಿದ್ದಿತು. ಆಗ ವಿನ್ಯಾಸಕಿ ಕ್ಲೇರ್ ಮೆಕಾರ್ಡೆಲ್ ಕಪೇಜಿಯೋ ಕಂಪನಿಯ ಬ್ಯಾಲೆ ಚಪ್ಪಲಿಗಳಿಗೆ ಗಟ್ಟಿಯಾದ ಅಟ್ಟೆ ಹಾಕಿಸಿ ತನ್ನ ಉಡುಪುಗಳ ಜೊತೆಗೆ ಬಳಸಿದಳು. ೧೯೫೬ರಲ್ಲಿ ಪ್ಯಾರಿಸ್ಸಿನ ರೋಜ್ ರೆಪೆಟೊ ಚಿತ್ರನಟಿ ಬ್ರಿಜಿತ್ ಬಾರ್ದೋಳಿಗಾಗಿ ಅಂಥದೇ ಪಾದರಕ್ಷೆಯನ್ನು ಮಾಡಿಕೊಟ್ಟಳು. ೧೯೭೦ರ ದಶಕದಲ್ಲಿ ಲಿಯೋಟಾರ್ಡ್ ಹೊರ ಉಡುಪಾಗಿ ಬಳಕೆಗೆ ಬಂದಿತು. ‘ಫೇಮ್’ (೧೯೮೦), ‘ಫ್ಲ್ಯಾಶ್‌ಡಾನ್ಸ್’ (೧೯೮೩) ಚಲನಚಿತ್ರಗಳೂ, ೧೯೮೨ರಲ್ಲಿ ಹೊರಬಂದ ಜೇನ್ ಫಾಂಡಾಳ ವ್ಯಾಯಾಮದ ವೀಡಿಯೊವೂ ನರ್ತಕರ ಉಡುಪನ್ನು ಮನೆಮನೆಗೆ ಪರಿಚಯಿಸಿದುವು. ಸ್ನಾಯುಗಳು ತಣ್ಣಗಾಗದಂತೆ ಅಭ್ಯಾಸಶಾಲೆಯಲ್ಲಿ ತೊಡುತ್ತಿದ್ದ ಉಣ್ಣೆಯ ಕಾಲುಚೀಲವನ್ನು ಎಂದೂ ಕುಣಿಯದವರೂ ತೊಟ್ಟರು. ೧೯೮೫ರಲ್ಲಿ ಡೋನಾ ಕರನ್ ಕಚೇರಿಗೆ ಹೋಗುವ ಮಹಿಳೆಯರಿಗಾಗಿ ರೂಪಿಸಿದ ಉಡುಪುಗಳಿಗೂ ಮೈಗೆ ಅಂಟುವ ಈ ಅಂಗಿಯೇ ತಳಹದಿಯಾಯಿತು. ಉಡುಪಿನೊಡನೆ ನರ್ತಕಿಯ ತೆಳುವಾದ ಮೈಕಟ್ಟೂ ಒಂದು ಆದರ್ಶವಾಗಿ ಬೀದಿಗೆ ಇಳಿಯಿತು.

೪

ಈಗ ನಮ್ಮ ಮುಖ್ಯ ಪ್ರಶ್ನೆಗೆ ಬರಬಹುದು. ವೇಷವು ಮರೆಮಾಡುತ್ತದೆ, ನಿಜ. ಆದರೆ ಮರೆಮಾಡುವುದು ಕಾಪಾಡುವುದೂ ಹೌದು. ಮರೆ ಹೋದ ಮೇಲೆ ನರ್ತಕಿಯ ಎಲುಬು, ಸ್ನಾಯು, ತೂಕ ಎಲ್ಲವೂ ಪ್ರೇಕ್ಷಕರ ತೀರ್ಪಿಗೆ ಒಳಗಾದುವು. ಬಾಲಂಚಿನ್‌ನ ತಂಡದಲ್ಲಿ ಬೆಳೆದ ಗೆಲ್ಸಿ ಕರ್ಕ್‌ಲ್ಯಾಂಡ್ ೧೯೮೬ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ, ತೆಳ್ಳಗಿರಬೇಕೆಂಬ ಒತ್ತಾಯವು ತನ್ನನ್ನು ಊಟ ಬಿಡುವ ರೋಗಕ್ಕೆ ತಳ್ಳಿದ ಬಗೆಯನ್ನು ನಿವೇದಿಸಿದ್ದಾಳೆ. ಆಕೆಯ ಎಲ್ಲ ಆರೋಪಗಳನ್ನೂ ಒಪ್ಪದವರಿದ್ದಾರೆ. ಆದರೂ ಲಿಯೋಟಾರ್ಡು ಯಾವ ದೇಹವನ್ನು ಬೇಡುತ್ತಿತ್ತೆಂಬುದಕ್ಕೆ ಅದು ಒಳಗಿನವರೇ ಕೊಟ್ಟ ಸಾಕ್ಷ್ಯ.

ಎರಡನೆಯದು ಬಣ್ಣದ ಪ್ರಶ್ನೆ. ‘ಆಗಾನ್’ನ ಪ್ರಮುಖ ಯುಗಳನೃತ್ಯವನ್ನು ೧೯೫೭ರಲ್ಲಿ ಕುಣಿದವರು ಡಯಾನ ಆಡಮ್ಸ್ ಎಂಬ ಬಿಳಿಯ ನರ್ತಕಿ ಮತ್ತು ಆರ್ಥರ್ ಮಿಚೆಲ್ ಎಂಬ ಕಪ್ಪು ವರ್ಣದ ನರ್ತಕ. ಅಮೆರಿಕದ ಅನೇಕ ಪ್ರಾಂತಗಳಲ್ಲಿ ವರ್ಣಭೇದದ ಕಾನೂನುಗಳು ಜಾರಿಯಲ್ಲಿದ್ದ ದಿನಗಳು ಅವು. ವೇಷವಿಲ್ಲದ, ಕಥೆಯಿಲ್ಲದ ಆ ನೃತ್ಯದಲ್ಲಿ ಎರಡು ಬಣ್ಣದ ಕೈಗಳು ಹೆಣೆದುಕೊಂಡುದೇ ಒಂದು ಸಾಮಾಜಿಕ ಘಟನೆಯಾಯಿತು. ಮಾರ್ಟಿನ್ ಲೂಥರ್ ಕಿಂಗ್ ೧೯೬೮ರಲ್ಲಿ ಹತರಾದ ಬಳಿಕ, ೧೯೬೯ರಲ್ಲಿ, ಮಿಚೆಲ್ ತನ್ನ ಗುರುವಾಗಿದ್ದ ಕರೆಲ್ ಶೂಕ್ ಜೊತೆಗೂಡಿ ‘ಡಾನ್ಸ್ ಥಿಯೇಟರ್ ಆಫ್ ಹಾರ್ಲೆಮ್’ ಎಂಬ ಶಾಲೆಯನ್ನೂ ತಂಡವನ್ನೂ ಸ್ಥಾಪಿಸಿದನು.

ಬ್ಯಾಲೆಯ ನರ್ತಕಿ ಗುಲಾಬಿ ಬಣ್ಣದ ಟೈಟ್ಸನ್ನೂ, ಬೆರಳ ತುದಿಯ ಮೇಲೆ ನಿಲ್ಲಲು ಅದೇ ಬಣ್ಣದ ಸ್ಯಾಟಿನ್ ಪಾದರಕ್ಷೆಯನ್ನೂ ತೊಡುವುದು ಸಂಪ್ರದಾಯ. ಸೊಂಟದಿಂದ ಕಾಲ್ಬೆರಳವರೆಗೆ ರೇಖೆ ಮುರಿಯದೆ ಹರಿಯಬೇಕೆಂಬುದು ಅದರ ಉದ್ದೇಶ. ಬಿಳಿಯ ಚರ್ಮದವರಲ್ಲಿ ಆ ಗುಲಾಬಿ ಬಣ್ಣವು ಮೈಬಣ್ಣದೊಡನೆ ಬೆರೆಯುತ್ತದೆ. ಕಂದು ಚರ್ಮದವರಲ್ಲಿ ತೋಳು ಒಂದು ಬಣ್ಣ, ಕಾಲು ಇನ್ನೊಂದು ಬಣ್ಣವಾಗಿ ದೇಹ ಇಬ್ಭಾಗವಾದಂತೆ ತೋರುತ್ತದೆ. ಮೈಬಣ್ಣವೆಂದು ಅಂಗಡಿಯಲ್ಲಿ ಮಾರುತ್ತಿದ್ದುದು ಒಂದು ಜನಾಂಗದ ಮೈಬಣ್ಣ ಮಾತ್ರ. ೧೯೭೦ರ ದಶಕದ ಮೊದಲ ವರ್ಷಗಳಲ್ಲಿ, ತಂಡದ ನರ್ತಕಿಯೊಬ್ಬಳ ಸಲಹೆಯಿಂದ ಮೊದಲುಗೊಂಡು, ಹಾರ್ಲೆಮ್ ತಂಡವು ಈ ಸಂಪ್ರದಾಯವನ್ನು ಬಿಟ್ಟಿತು. ಪ್ರತಿಯೊಬ್ಬರ ಚರ್ಮಕ್ಕೂ ಹೊಂದುವಂತೆ ಟೈಟ್ಸಿಗೆ ಬಣ್ಣಕಟ್ಟಿ, ಪಾದರಕ್ಷೆಗಳಿಗೂ ಅದೇ ಬಣ್ಣ ಹಚ್ಚುವುದು ಅಲ್ಲಿ ನಿಯಮವಾಯಿತು. ಸಂಪ್ರದಾಯದ ಅಕ್ಷರವನ್ನು ಮುರಿದು ಅದರ ಉದ್ದೇಶವನ್ನು ಉಳಿಸಿಕೊಂಡವರು ಇವರೇ ಎಂದು ಹೇಳಬೇಕಾಗುತ್ತದೆ. ಇತರೆಡೆ ಕಪ್ಪು ನರ್ತಕಿಯರು ತಮ್ಮ ಪಾದರಕ್ಷೆಗಳಿಗೆ ಮುಖದ ಬಣ್ಣವನ್ನು ತಾವೇ ಬಳಿದುಕೊಳ್ಳುವ ಕೆಲಸ ಮುಂದುವರಿಯಿತು. ಲಂಡನ್ನಿನ ಹೆಸರಾಂತ ತಯಾರಕರಾದ ಫ್ರೀಡ್ ಕಂಪನಿಯವರು ಬ್ಯಾಲೆ ಬ್ಲ್ಯಾಕ್ ಎಂಬ ತಂಡದೊಡನೆ ಕೂಡಿ ಕಂದು ಮತ್ತು ಕಂಚಿನ ಬಣ್ಣದ ಪಾದರಕ್ಷೆಗಳನ್ನು ಹೊರತಂದುದು ೨೦೧೮ರಲ್ಲಿ. ಒಂದು ತಂಡ ಕಂಡುಕೊಂಡ ಸರಳವಾದ ಪರಿಹಾರವು ಹಳೆಯ ಕಾರ್ಖಾನೆಯೊಂದನ್ನು ಮುಟ್ಟಲು ನಾಲ್ಕು ದಶಕಗಳಿಗಿಂತ ಹೆಚ್ಚು ಕಾಲ ಬೇಕಾಯಿತು.

೫

ಶತಮಾನದ ಕೊನೆಯ ಎರಡು ದಶಕಗಳಲ್ಲಿ ಹೆಸರಾಂತ ವಸ್ತ್ರವಿನ್ಯಾಸಕರು ನೃತ್ಯರಂಗಕ್ಕೆ ಬಂದರು. ಬೆಜಾರ್‌ನಿಗೆ ವೆರ್ಸಾಚೆ, ಫೋರ್ಸೈತ್‌ನಿಗೆ ಇಸ್ಸೆ ಮಿಯಾಕೆ ಉಡುಪು ರಚಿಸಿಕೊಟ್ಟರು. ಇವುಗಳಲ್ಲಿ ನಮ್ಮ ವಿಷಯಕ್ಕೆ ಅತ್ಯಂತ ಹತ್ತಿರವಾದುದು ಬ್ಯಾಲೆಯ ನೆರೆಯದಾದ ಆಧುನಿಕ ನೃತ್ಯದ ಕೃತಿಯೊಂದು. ಅದು ಮರ್ಸ್ ಕನ್ನಿಂಗ್‌ಹ್ಯಾಮ್ ೧೯೯೭ರಲ್ಲಿ ಬ್ರೂಕ್ಲಿನ್ನಿನಲ್ಲಿ ಪ್ರದರ್ಶಿಸಿದ ‘ಸಿನಾರಿಯೊ’. ಜಪಾನಿನ ರೇ ಕವಾಕುಬೊ ಅದಕ್ಕಾಗಿ, ಬೆನ್ನು, ಸೊಂಟ, ಹೆಗಲುಗಳಲ್ಲಿ ಮೆತ್ತೆ ತುಂಬಿ ಉಬ್ಬಿಸಿದ ಉಡುಪುಗಳನ್ನು ಹಿಗ್ಗುವ ಬಟ್ಟೆಯಿಂದಲೇ ಮಾಡಿದಳು. ದೇಹವನ್ನು ಇದ್ದಂತೆ ತೋರಿಸಲು ಅರ್ಧ ಶತಮಾನ ದುಡಿದ ಬಟ್ಟೆಯನ್ನು ದೇಹದ ಆಕಾರವನ್ನು ಕೆಡಿಸಲು ಬಳಸಿದುದು ವಿಚಿತ್ರವಾಗಿ ಕಾಣಬಹುದು. ಆದರೆ ಸುಂದರವೆಂದು ಒಪ್ಪಿದ ಒಂದೇ ಮೈಕಟ್ಟಿನ ಆಳ್ವಿಕೆಗೆ ಇದನ್ನು ಉತ್ತರವೆಂದು ಓದುವುದು ಸಮಂಜಸವಾಗಿದೆ.

ಮೇಲಿನ ವಿವೇಚನೆಯಿಂದ ಎರಡು ಅಂಶಗಳು ಸಿದ್ಧವಾಗುತ್ತವೆ. ಏನನ್ನೂ ಮರೆಮಾಡದ ಸರಳ ಉಡುಪು ನಿಷ್ಪಕ್ಷಪಾತವಾದುದೆಂಬ ಭಾವನೆ ಸರಿಯಲ್ಲ. ಯಾರ ದೇಹವನ್ನು ಅಳತೆಗೋಲಾಗಿ ಇಟ್ಟುಕೊಂಡು ಅದನ್ನು ಹೊಲಿದರೆಂದು ಕೇಳಬೇಕು. ಎರಡನೆಯದಾಗಿ, ಇಂಥ ಅಳತೆಗೋಲನ್ನು ಅದರಿಂದ ಹೊರಗುಳಿದವರೇ ಮೊದಲು ಗುರುತಿಸುತ್ತಾರೆ. ಗುಲಾಬಿ ಬಣ್ಣವು ಒಂದು ಬಣ್ಣವೆಂಬುದು ಹಾರ್ಲೆಮ್ಮಿನ ನರ್ತಕಿಯರಿಗೆ ಕಂಡಿತು. ಇತರರಿಗೆ ಅದು ಬರಿಯ ಮೈಯಾಗಿ ತೋರಿತ್ತು. ಚರಿತ್ರೆಯ ವಿದ್ಯಾರ್ಥಿಗಳು ಉಡುಪನ್ನು ಆಧಾರವಾಗಿ ಎತ್ತಿಕೊಂಡಾಗಲೆಲ್ಲ ಈ ಭೇದವನ್ನು ಮನಸ್ಸಿನಲ್ಲಿಡುವುದು ಅವಶ್ಯಕ.