ನೇಮಿನಾಥಪುರಾಣಗಳು: ಒಂದು ಹೆಸರು, ಮೂರು ಕೃತಿ

ಹಳಗನ್ನಡದಲ್ಲಿ ‘ನೇಮಿನಾಥಪುರಾಣ’ವೆಂಬ ಒಂದೇ ಹೆಸರಿನ ಮೂರು ಚಂಪೂಕಾವ್ಯಗಳಿವೆ. ಕರ್ಣಪಾರ್ಯನದು ಸು. 1140ರದು, ನೇಮಿಚಂದ್ರನದು ಅದೇ ಶತಮಾನದ ಉತ್ತರಾರ್ಧದ್ದು, ಮಹಾಬಲ ಕವಿಯದು 1254ರದು. ತೀರ್ಥಂಕರನ ಚರಿತೆಗೆ ಅವನ ಹೆಸರನ್ನೇ ಇಡುವುದು ಜೈನ ಪುರಾಣಪರಂಪರೆಯ ರೂಢಿಯಾದುದರಿಂದ ಈ ಸಾಮ್ಯವನ್ನು ಅನುಕರಣೆಯೆಂದು ತಿಳಿಯಬೇಕಾಗಿಲ್ಲ. ಆದರೆ ಕವಿಯ ಹೆಸರನ್ನು ಬಿಟ್ಟು ಕೃತಿಯನ್ನಷ್ಟೇ ಉಲ್ಲೇಖಿಸಿದಲ್ಲಿ ಒಂದರ ದೇಶಕಾಲಗಳು ಮತ್ತೊಂದಕ್ಕೆ ಆರೋಪಿತವಾಗುವ ಅಪಾಯವುಂಟು. ಹಾಗಾದಾಗ ಹೆಚ್ಚು ನಷ್ಟವಾಗುವುದು ಕರ್ಣಪಾರ್ಯನಿಗೆ.

ಮೂರರಲ್ಲಿ ಹೆಚ್ಚು ಪ್ರಸಿದ್ಧವಾದುದು ನೇಮಿಚಂದ್ರನ ಕೃತಿ. ಹೊಯ್ಸಳ ವೀರಬಲ್ಲಾಳನ ಮಂತ್ರಿ ಪದ್ಮನಾಭನ ಪ್ರೇರಣೆಯಿಂದ ಹುಟ್ಟಿದ ಈ ಕಾವ್ಯವು ಕಂಸವಧೆಯವರೆಗೆ ಮಾತ್ರ ಸಾಗಿ ನಿಂತಿದೆ. ಅದಕ್ಕೆ ‘ಅರ್ಧನೇಮಿ’ ಎಂಬ ಹೆಸರು ಬಂದುದು ಈ ಕಾರಣದಿಂದ. ಅಪೂರ್ಣತೆಯೇ ಅದನ್ನು ಉಳಿದೆರಡರಿಂದ ಬೇರ್ಪಡಿಸುವ ಗುರುತಾದುದು ಸ್ವಾರಸ್ಯಕರ. ಇತ್ತ ಹೆಸರು ಬೇರೆಯಾದರೂ ಕಥೆ ಒಂದೇ ಆಗಿರುವುದೂ ಉಂಟು: ಬಂಧುವರ್ಮನ ‘ಹರಿವಂಶಾಭ್ಯುದಯ’ದ ವಸ್ತುವೂ ನೇಮಿ-ಕೃಷ್ಣರ ಚರಿತೆಯೇ. ಹೆಸರು ಒಂದಾದ ಮಾತ್ರಕ್ಕೆ ಕೃತಿ ಒಂದಲ್ಲ; ಹೆಸರು ಬೇರೆಯಾದ ಮಾತ್ರಕ್ಕೆ ವಸ್ತು ಬೇರೆಯಲ್ಲ.

ಕರ್ಣಪಾರ್ಯನ ಕಾವ್ಯವು ಹದಿನಾಲ್ಕು ಆಶ್ವಾಸಗಳ ಪೂರ್ಣಕೃತಿ. ಇವನ ಆಶ್ರಯದಾತನಾದ ಲಕ್ಷ್ಮನು ಕೊಲ್ಲಾಪುರದ ಶಿಲಾಹಾರ ದೊರೆ ವಿಜಯಾದಿತ್ಯನ ಮಂತ್ರಿ. ವಿಜಯಾದಿತ್ಯನ ಕಾಲದಲ್ಲಿ ಬಸದಿಗಳಿಗೆ ದತ್ತಿ ಸಂದುದನ್ನು 1143ರ ಕೊಲ್ಲಾಪುರ ಶಾಸನವೂ 1150ರ ಬಾಮಣಿ ಶಾಸನವೂ ತಿಳಿಸುತ್ತವೆ. ಅಂದರೆ ಇಂದು ಮಹಾರಾಷ್ಟ್ರಕ್ಕೆ ಸೇರಿದ ಒಂದು ರಾಜಧಾನಿಯ ಮಂತ್ರಿಯೊಬ್ಬನು ಕನ್ನಡ ಮಹಾಕಾವ್ಯಕ್ಕೆ ಆಸರೆಯಾಗಿದ್ದನು. ಈ ಕಾವ್ಯವನ್ನು ಹೊಯ್ಸಳರ ಆಶ್ರಯದ್ದೆಂದು ಎಣಿಸಿದರೆ ಈ ಸಂಗತಿಯೇ ಮರೆಯಾಗುತ್ತದೆ.

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಪರಿಸರದಲ್ಲಿ ಅಧ್ಯಯನ ನಡೆಸುವವರಿಗೆ ಇದು ದೂರದ ವಿಷಯವಲ್ಲ. ಸ್ಥಾನಕವೆಂದು ಶಾಸನಗಳಲ್ಲಿ ಕರೆಯಲಾದ ಠಾಣೆಯು ಉತ್ತರ ಕೊಂಕಣದ ಶಿಲಾಹಾರರ ನೆಲೆ. ಕಲ್ಯಾಣಕ್ಕೆ ಸಮೀಪದ ಅಂಬರನಾಥ ದೇವಾಲಯದ 1060ರ ಶಾಸನ ಆ ವಂಶದ್ದೇ. ಎರಡು ಶಾಖೆಗಳೂ ತಗರಪುರವನ್ನು ತಮ್ಮ ಮೂಲಸ್ಥಾನವೆಂದು ಹೇಳಿಕೊಂಡವು. ರಾಜ್ಯಭ್ರಷ್ಟನಾದ ಸ್ಥಾನಕದ ಅರಸನನ್ನು ವಿಜಯಾದಿತ್ಯನು ಮರಳಿ ನೆಲೆಗೊಳಿಸಿದನೆಂದು ಕೊಲ್ಲಾಪುರ ಶಾಖೆಯ ದಾಖಲೆಗಳು ಹೇಳುತ್ತವೆ. ಇಷ್ಟರಿಂದಲೇ ಠಾಣೆಯಲ್ಲಿಯೂ ಕನ್ನಡ ಕಾವ್ಯರಚನೆ ನಡೆಯಿತೆಂದು ಹೇಳಲಾಗದು. ಕರ್ಣಪಾರ್ಯನ ಆಶ್ರಯದಾತನ ರಾಜಕೀಯ ಪ್ರಪಂಚದಲ್ಲಿ ಠಾಣೆಯೂ ಸೇರಿತ್ತೆಂಬುದು ಮಾತ್ರ ಸಿದ್ಧ.

ಸ್ಥಳನಾಮದಲ್ಲಿಯೂ ಇಂತಹುದೇ ತೊಡಕಿದೆ. ಕನ್ನಡ ಕಾವ್ಯ-ವಚನಗಳಲ್ಲಿ ಬರುವ ಚಾಲುಕ್ಯರ, ಶರಣರ ಕಲ್ಯಾಣವು ಬೀದರ ಜಿಲ್ಲೆಯ ಬಸವಕಲ್ಯಾಣ. ಕಾನ್ಹೇರಿಯ ಪ್ರಾಕೃತ ಶಾಸನಗಳ ಕಲಿಯಾಣವು ಠಾಣೆ ಬಳಿಯ ಬಂದರು. ಊರನ್ನು ಗುರುತಿಸುವಾಗ ಅರಸುಮನೆತನವನ್ನೂ ಕಾಲವನ್ನೂ ನೋಡುವಂತೆ ಕೃತಿಯನ್ನು ಗುರುತಿಸುವಾಗಲೂ ನೋಡಬೇಕು.

ಕರ್ನಾಟಕದ ಹೊರಗಿನ ಗ್ರಂಥಾಲಯಗಳ ಸೂಚಿಗಳಲ್ಲಿ ಶೀರ್ಷಿಕೆಯೊಡನೆ ಕವಿ, ಕಾಲ, ಆಶ್ರಯದಾತ ಈ ಮೂರನ್ನೂ ನಮೂದಿಸುವುದು ಆವಶ್ಯಕ. ಹಾಗೆ ಮಾಡಿದಲ್ಲಿ ಹನ್ನೆರಡನೆಯ ಶತಮಾನದ ಕನ್ನಡ ಕಾವ್ಯದ ಭೂಪಟವು ಇಂದಿನ ರಾಜ್ಯದ ಗಡಿಯಲ್ಲಿ ನಿಲ್ಲದೆ ಕೊಲ್ಲಾಪುರವನ್ನೂ ಒಳಗೊಂಡು ತನ್ನ ನಿಜವಾದ ವಿಸ್ತಾರದಲ್ಲಿ ಕಾಣಿಸುತ್ತದೆ.