ಆರಂಭಿಕ ಶಿಲ್ಕು ಇಲ್ಲದ ಲೆಕ್ಕ: ಬ್ರಿಟನ್ನಿನ ಸೀಗಲ್‌ಗಳ ಕಥೆ

ಓದಿದ್ದು ಬಿ.ಕಾಂ., ಇವನಿಗ್ಯಾಕೆ ಹಕ್ಕಿ ಸಹವಾಸ ಅಂತ ಕೇಳ್ಬೇಡಿ. ಬ್ರಿಟನ್ನಿನ ಸೀಗಲ್‌ಗಳ ಇತಿಹಾಸ ಓದುವಾಗ ನನಗೆ ಕಂಡಿದ್ದು ಒಂದು ಖಾತೆ ಪುಸ್ತಕ. ಅದೂ ಆರಂಭಿಕ ಶಿಲ್ಕೇ ಬರೆಯದ ಪುಸ್ತಕ!

1860ರ ದಶಕಕ್ಕೆ ಹೋಗೋಣ. ಯಾರ್ಕ್‌ಷೈರ್ ತೀರದ ಫ್ಲಾಂಬರೋ ಬಂಡೆಗಳಲ್ಲಿ ಕಿಟ್ಟಿವೇಕ್ ಅನ್ನೋ ಸಣ್ಣ ಸೀಗಲ್ ಗೂಡು ಕಟ್ಟುತ್ತೆ. ಅದರ ರೆಕ್ಕೆ ಹೆಂಗಸರ ಟೋಪಿಗೆ ಬೇಕಿತ್ತು. ಶೋಕಿಗೆ ಬಂದವರೂ ದೋಣಿಯಲ್ಲಿ ಕೂತು ಗುಂಡು ಹಾರಿಸ್ತಿದ್ರು, ಅದೂ ಮರಿ ಮಾಡುವ ಕಾಲದಲ್ಲೇ. ತಾಯಿ ಸತ್ತರೆ ಗೂಡಿನ ಮರಿ ಉಪವಾಸ ಸಾಯ್ತಿತ್ತು. 1868ರಲ್ಲಿ ಪ್ರಾಧ್ಯಾಪಕ ಆಲ್ಫ್ರೆಡ್ ನ್ಯೂಟನ್ ವಿಜ್ಞಾನಿಗಳ ಸಭೆಯಲ್ಲಿ ಇದರ ವಿರುದ್ಧ ಮಾತಾಡಿದರು. 1869ರಲ್ಲಿ ಕಡಲಹಕ್ಕಿಗಳ ರಕ್ಷಣೆಗೆ ಕಾಯ್ದೆ ಬಂತು.

20ನೇ ಶತಮಾನದಲ್ಲಿ ಇನ್ನೊಂದು ಜಾತಿಗೆ, ಹೆರಿಂಗ್ ಗಲ್‌ಗೆ, ಸುಗ್ಗಿ. ಟ್ರಾಲರ್ ದೋಣಿಗಳು ಬೇಡದ ಮೀನನ್ನು ಕಡಲಿಗೇ ಎಸೀತಿದ್ವು. 1956ರ ಶುದ್ಧ ಗಾಳಿ ಕಾಯ್ದೆ ಬಂದ ಮೇಲೆ ತಿಪ್ಪೆಯಲ್ಲಿ ಕಸ ಸುಡೋದು ಕಮ್ಮಿಯಾಯ್ತು. ಹಕ್ಕಿಗೆ ದಿನವೂ ಊರೂಟ! ಸಂಖ್ಯೆ ಎಷ್ಟು ಏರಿತು ಅಂದ್ರೆ, 1972ರಿಂದ ಸ್ಕಾಟ್ಲೆಂಡಿನ ಐಲ್ ಆಫ್ ಮೇ ದ್ವೀಪದಲ್ಲಿ ಸಾವಿರಾರು ಸೀಗಲ್‌ಗಳನ್ನು ಕೊಲ್ಲಿಸಿದರು. ಕೊಲ್ಲಿಸಿದ್ದು ನಿಸರ್ಗ ಸಂರಕ್ಷಣೆಯ ಸರ್ಕಾರಿ ಸಂಸ್ಥೆಯೇ.

ಈಗ ಅಸಲಿ ವಿಷಯ. ಬ್ರಿಟನ್ ತೀರದುದ್ದಕ್ಕೂ ಗೂಡುಗಳ ಮೊದಲ ಪೂರ್ತಿ ಎಣಿಕೆ ಆಗಿದ್ದು 1969–70ರಲ್ಲಿ. ಅಂದ್ರೆ ಹೆರಿಂಗ್ ಗಲ್‌ಗಳ ಸುಗ್ಗಿಯ ಕಾಲದಲ್ಲಿ. ಆಮೇಲಿನ ಎಣಿಕೆಗಳಲ್ಲಿ ಅವು ಇಳೀತಾನೇ ಹೋಗಿ, 2009ರಲ್ಲಿ ಬ್ರಿಟನ್ನಿನ ಕೆಂಪು ಪಟ್ಟಿ ಸೇರಿದ್ವು. ಹಾಗಾದ್ರೆ ಇದು ನಷ್ಟವೋ, ಉಬ್ಬಿದ್ದ ಲೆಕ್ಕ ಸರಿಹೋಗಿದ್ದೋ?

ನಾನೂ ಮೊದಲು ಎರಡನೇದೇ ಅಂದ್ಕೊಂಡಿದ್ದೆ. ಕಿಟ್ಟಿವೇಕ್ ನನ್ನ ಅಭಿಪ್ರಾಯ ಬದಲಿಸಿತು. ಅದು ತಿಪ್ಪೆಗೆ ಬರಲ್ಲ. ಕಡಲಿನ ಸಣ್ಣ ಮೀನನ್ನೇ ನಂಬಿದ ಹಕ್ಕಿ. ಅದೂ 2015ರಲ್ಲಿ ಅದೇ ಪಟ್ಟಿ ಸೇರಿತು. ಕಸದ ಊಟ ನಿಂತಿದ್ದೊಂದೇ ಕಾರಣ ಆಗಿದ್ರೆ ಇದು ಯಾಕೆ ಕಮ್ಮಿ ಆಗಬೇಕಿತ್ತು? ಕಡಲಿನ ಗಲ್ಲಾಪೆಟ್ಟಿಗೆಯೇ ಬರಿದಾಗ್ತಿದೆ.

ಇಷ್ಟಾದ್ರೂ ಅಲ್ಲಿನ ಊರಿನವರಿಗೆ ಸೀಗಲ್ ಜಾಸ್ತಿ ಆಗಿದೆ ಅಂತಲೇ ಅನ್ನಿಸುತ್ತೆ. ಬಂಡೆ ಬಿಟ್ಟ ಹೆರಿಂಗ್ ಗಲ್‌ಗಳು ಮನೆಯ ಮಾಡಿನ ಮೇಲೆ ಗೂಡು ಕಟ್ತಿವೆ, ಕೈಯಲ್ಲಿರೋ ಚಿಪ್ಸ್ ಕಸೀತಿವೆ. ಒಂದು ಶಾಖೆಯ ವ್ಯಾಪಾರ ನೋಡಿ ಇಡೀ ಕಂಪನಿ ಲಾಭದಲ್ಲಿದೆ ಅನ್ನೋ ಹಾಗೆ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.